ಓದಿದ್ದು ಅರ್ಥವಾಯಿತು, ಉತ್ತರ ಯಾಕೆ ತಪ್ಪಾಯಿತು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪರೀಕ್ಷೆಯ ಗದ್ಯಭಾಗದ ಬಗ್ಗೆಯೇ ಇವೆ. ಅದರಲ್ಲೂ ಐಇಎಲ್‌ಟಿಎಸ್ ಪರೀಕ್ಷೆಯ ರೀಡಿಂಗ್ ಬಗ್ಗೆ. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಹೊರದೇಶಕ್ಕೆ ಓದಲು, ಕೆಲಸಕ್ಕೆ ಅಥವಾ ನೆಲೆಸಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಇದು. ರೀಡಿಂಗ್ ವಿಭಾಗಕ್ಕೆ 60 ನಿಮಿಷ, 40 ಪ್ರಶ್ನೆ. ಪರೀಕ್ಷೆಯಲ್ಲಿ ಅಕಾಡೆಮಿಕ್, ಜನರಲ್ ಟ್ರೇನಿಂಗ್ ಎಂದು ಎರಡು ಬಗೆ. ಅಕಾಡೆಮಿಕ್ ಪರೀಕ್ಷೆಯಲ್ಲಿ ಮೂರು ಉದ್ದನೆಯ ಗದ್ಯಭಾಗ ಇರುತ್ತವೆ. ಮೂರೂ ಸೇರಿದರೆ 2150ರಿಂದ 2750 ಪದ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಷ್ಟು ಸರಿಯಾಯಿತು ಎಂಬುದನ್ನು ಕೊನೆಗೆ 9ರವರೆಗಿನ ಅಳತೆಗೆ ಇಳಿಸುತ್ತಾರೆ, ಪತ್ರಗಳಲ್ಲಿ ಬರುವ 7, 6.5 ಎಲ್ಲ ಆ ಅಳತೆಯವು. ಇಷ್ಟು ತಿಳಿದರೆ ಸಾಕು, ಈಗ ಪತ್ರಗಳಿಗೆ ಬರೋಣ.

ಮೇಡಂ, ನಮಸ್ಕಾರ. ನಾನು ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿಗೆ ಹೋಗಬೇಕೆಂದು ಪ್ರಯತ್ನ ಮಾಡುತ್ತಿದ್ದೇನೆ. ರೀಡಿಂಗ್‌ನಲ್ಲಿ 7 ಬೇಕು, ಎರಡು ಸಲವೂ 6.5ಕ್ಕೆ ನಿಂತಿತು. ಓದುವಾಗ ಎಲ್ಲಾ ಅರ್ಥವಾಗುತ್ತದೆ. ಆದರೆ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳಲ್ಲಿ ಪ್ರತಿ ಸಲ ಮೂರು ನಾಲ್ಕು ತಪ್ಪಾಗುತ್ತವೆ. ನೈಟ್ ಡ್ಯೂಟಿ ಮುಗಿಸಿ ಬಂದು ಓದುತ್ತೇನೆ. ತುಂಬಾ ಬೇಜಾರಾಗಿದೆ.
— ಒಬ್ಬ ನರ್ಸ್, ಮಂಗಳೂರು

ನೀವು ಗುರಿಗೆ ಎಷ್ಟು ಹತ್ತಿರ ಇದ್ದೀರಿ ಎಂದು ಮೊದಲು ಹೇಳುತ್ತೇನೆ. ಅಕಾಡೆಮಿಕ್ ರೀಡಿಂಗ್‌ನಲ್ಲಿ 40ಕ್ಕೆ ಸುಮಾರು 30 ಸರಿಯಾದರೆ 7 ಬರುತ್ತದೆ. 27ರಿಂದ 29 ಸರಿಯಾದರೆ 6.5. ಪತ್ರಿಕೆಯಿಂದ ಪತ್ರಿಕೆಗೆ ಒಂದೆರಡು ಅಂಕ ಆಚೀಚೆ ಆಗಬಹುದು. ಅಂದರೆ ನಿಮಗೂ ನಿಮ್ಮ 7ಕ್ಕೂ ನಡುವೆ ಇರುವುದು ಒಂದರಿಂದ ಮೂರು ಪ್ರಶ್ನೆ, ಅಷ್ಟೇ. ಅವು ಎಲ್ಲಿ ಕಳೆದುಹೋಗುತ್ತಿವೆ ಎಂಬುದನ್ನು ನೀವೇ ಕಂಡುಹಿಡಿದಿದ್ದೀರಿ. ಹಾಗಾಗಿ ಇಡೀ ಪಾಠವನ್ನು ಮತ್ತೆ ಮೊದಲಿನಿಂದ ಶುರುಮಾಡುವ ಅಗತ್ಯ ನಿಮಗಿಲ್ಲ.

ಈ ತೊಂದರೆಗೂ ಇಂಗ್ಲಿಷಿಗೂ ಸಂಬಂಧ ಕಡಿಮೆ. ಬೇಕಿದ್ದರೆ ಕನ್ನಡದಲ್ಲೇ ಮಾಡಿ ನೋಡೋಣ. ಕೆಳಗಿನ ನಾಲ್ಕು ಸಾಲು ಓದಿ.

"ಕಾವೇರಿ ನದಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಗಿದ್ದು 1902ರಲ್ಲಿ. ಅಲ್ಲಿ ತಯಾರಾದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗಳಿಗೆ. ನೂರು ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆಯಲಾಗಿತ್ತು. ಬೆಂಗಳೂರಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ."

ಈಗ ಮೂರು ಹೇಳಿಕೆ. ಗದ್ಯಭಾಗ ಹೇಳುವುದಕ್ಕೆ ಹೊಂದಿದರೆ ಟ್ರೂ, ಅದಕ್ಕೆ ವಿರುದ್ಧವಾಗಿದ್ದರೆ ಫಾಲ್ಸ್, ಅದರಲ್ಲಿ ಹೇಳಿಯೇ ಇಲ್ಲದಿದ್ದರೆ ನಾಟ್ ಗಿವನ್. ಒಂದು, ಬೆಂಗಳೂರಿಗೆ ದೀಪ ಬರುವ ಹೊತ್ತಿಗೆ ಕೋಲಾರದ ಗಣಿಗಳಿಗೆ ಕರೆಂಟು ಸಿಕ್ಕಿತ್ತು. ಎರಡು, ಶಿವನಸಮುದ್ರದ ಕರೆಂಟು ಮೊದಲು ಬೆಳಗಿದ್ದು ಬೆಂಗಳೂರನ್ನು. ಮೂರು, ಏಷ್ಯಾದಲ್ಲಿ ಮೊದಲು ವಿದ್ಯುತ್ ಬೀದಿದೀಪ ಕಂಡ ಊರು ಬೆಂಗಳೂರು.

ಮೊದಲನೆಯದು ಟ್ರೂ. ಆ ಮಾತು ಗದ್ಯಭಾಗದಲ್ಲಿ ಹಾಗೇ ಇಲ್ಲ, ಬೇರೆ ಮಾತಿನಲ್ಲಿದೆ. ಮೊದಲು ಹೋಗಿದ್ದು ಗಣಿಗೆ, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಎರಡು ಸಾಲನ್ನು ಸೇರಿಸಿ ನೋಡಿದರೆ ಉತ್ತರ ಸಿಗುತ್ತದೆ. ಎರಡನೆಯದು ಫಾಲ್ಸ್, ಯಾಕೆಂದರೆ ಗದ್ಯಭಾಗ ಸ್ಪಷ್ಟವಾಗಿ ಬೇರೆ ಊರಿನ ಹೆಸರು ಹೇಳುತ್ತದೆ.

ಮೂರನೆಯದರಲ್ಲಿ ನಮ್ಮವರು ಬಹಳ ಜನ ಎಡವುತ್ತಾರೆ. ಆ ಮಾತನ್ನು ನಾವು ಶಾಲೆಯಲ್ಲಿ ಕೇಳಿದ್ದೇವೆ, ಕ್ವಿಜ್‌ನಲ್ಲಿ ಕೇಳಿದ್ದೇವೆ, ಮೊಬೈಲಿಗೆ ಬರುವ ಮೆಸೇಜುಗಳಲ್ಲೂ ಓದಿದ್ದೇವೆ. ಕೈ ತಾನಾಗಿಯೇ ಟ್ರೂ ಕಡೆಗೆ ಹೋಗುತ್ತದೆ. ಆದರೆ ಈ ನಾಲ್ಕು ಸಾಲಿನಲ್ಲಿ ಏಷ್ಯಾ ಎಂಬ ಮಾತೇ ಇಲ್ಲ. ಬೇರೆ ಊರುಗಳ ಜೊತೆ ಹೋಲಿಕೆಯೂ ಇಲ್ಲ. ಹಾಗಾಗಿ ಉತ್ತರ ನಾಟ್ ಗಿವನ್. ಆ ಮಾತು ಹೊರಗೆ ನಿಜವೋ ಸುಳ್ಳೋ ಎನ್ನುವುದು ಪರೀಕ್ಷೆಗೆ ಬೇಕಾಗಿಲ್ಲ.

ನನ್ನ ತರಗತಿಗೆ ಕೃಷಿ ಪದವಿ ಮುಗಿಸಿದ ಒಬ್ಬ ಹುಡುಗಿ ಬರುತ್ತಿದ್ದಳು. ಇಂಗ್ಲಿಷ್ ಚೆನ್ನಾಗಿತ್ತು. ಒಂದು ದಿನ ಅಭ್ಯಾಸಕ್ಕೆ ನೀರಾವರಿಯ ಬಗ್ಗೆ ಗದ್ಯಭಾಗ ಬಂತು. ಎಲ್ಲರಿಗಿಂತ ಜಾಸ್ತಿ ತಪ್ಪು ಮಾಡಿದ್ದು ಅವಳೇ. ಅವಳಿಗೆ ವಿಷಯ ಗೊತ್ತಿತ್ತು, ಗದ್ಯಭಾಗ ಬಿಟ್ಟ ಜಾಗವನ್ನೆಲ್ಲ ತನ್ನ ತಿಳಿವಳಿಕೆಯಿಂದ ತುಂಬಿಕೊಂಡು ಓದಿಬಿಟ್ಟಿದ್ದಳು. ನಿಮಗೂ ಇದೇ ಆಗುತ್ತಿರಬಹುದು ಎಂದು ನನಗನ್ನಿಸುತ್ತದೆ, ಯಾಕೆಂದರೆ ಆರೋಗ್ಯ, ಆಹಾರ, ನಿದ್ದೆ, ಮೆದುಳು ಇಂಥ ವಿಷಯಗಳು ಈ ಪರೀಕ್ಷೆಯಲ್ಲಿ ಬರುತ್ತಲೇ ಇರುತ್ತವೆ ಮತ್ತು ಅವೆಲ್ಲ ನಿಮ್ಮ ದಿನನಿತ್ಯದ ಕೆಲಸದ ವಿಷಯಗಳು. ವಾರ್ಡಿನಲ್ಲಿ ನಿಮ್ಮ ಅನುಭವ ಜೀವ ಉಳಿಸುತ್ತದೆ. ಗದ್ಯಭಾಗದ ಮುಂದೆ ಕೂತಾಗ ಮಾತ್ರ ಆ ಒಂದು ಗಂಟೆ ಅದನ್ನು ಪಕ್ಕಕ್ಕಿಡಿ.

ಫಾಲ್ಸ್ ಮತ್ತು ನಾಟ್ ಗಿವನ್ ನಡುವೆ ಗೊಂದಲವಾದಾಗ ನಾನು ಹೇಳಿಕೊಡುವುದು ಒಂದೇ ಪರೀಕ್ಷೆ. ಹೇಳಿಕೆ ನಿಜ ಎಂದು ಒಂದು ಕ್ಷಣ ಒಪ್ಪಿಕೊಳ್ಳಿ. ಆಗ ಗದ್ಯಭಾಗದ ಯಾವುದಾದರೂ ಸಾಲು ಸುಳ್ಳಾಗಲೇಬೇಕೇ? ಆಗಲೇಬೇಕು ಎಂದಾದರೆ ಫಾಲ್ಸ್, ಆ ಸಾಲಿನ ಮೇಲೆ ಬೆರಳಿಡಲು ನಿಮಗೆ ಆಗಬೇಕು. ಎರಡೂ ಜಗಳವಿಲ್ಲದೆ ಒಟ್ಟಿಗೆ ಇರಬಹುದು, ಆದರೆ ಒಂದರಿಂದ ಇನ್ನೊಂದು ಹೊರಡುವುದಿಲ್ಲ ಎಂದಾದರೆ ನಾಟ್ ಗಿವನ್. ಬೆಂಗಳೂರು ಏಷ್ಯಾದಲ್ಲಿ ಮೊದಲನೆಯದಾದರೂ ಮೇಲಿನ ನಾಲ್ಕು ಸಾಲಿಗೆ ಏನೂ ಆಗುವುದಿಲ್ಲ, ಆಗದಿದ್ದರೂ ಏನೂ ಆಗುವುದಿಲ್ಲ, ಅಲ್ವಾ? ಅದಕ್ಕೇ ಅದು ನಾಟ್ ಗಿವನ್.

ಇನ್ನೊಂದು ವಿಷಯ. ಈ ಪ್ರಶ್ನೆಗಳ ಉತ್ತರ ಗದ್ಯಭಾಗದಲ್ಲಿ ಪ್ರಶ್ನೆಯ ಕ್ರಮದಲ್ಲೇ ಬರುತ್ತವೆ. 3ನೇ ಪ್ರಶ್ನೆಗೆ ಉತ್ತರ ಒಂದು ಕಡೆ ಸಿಕ್ಕಿತು, 5ನೆಯದಕ್ಕೆ ಇನ್ನೊಂದು ಕಡೆ ಸಿಕ್ಕಿತು ಎಂದರೆ 4ನೆಯದನ್ನು ಆ ಎರಡರ ನಡುವೆ ಹುಡುಕಬೇಕು. ಅಲ್ಲಿ ಎರಡು ಸಲ ಹುಡುಕಿದರೂ ಸಿಗಲಿಲ್ಲವೇ? ಧೈರ್ಯವಾಗಿ ನಾಟ್ ಗಿವನ್ ಬರೆದು ಮುಂದೆ ಹೋಗಿ. "ಎಲ್ಲೋ ಇರಬೇಕು, ನಾನೇ ಗಮನಿಸಿಲ್ಲ" ಎಂಬ ಹೆದರಿಕೆಯಲ್ಲಿ ಇಡೀ ಗದ್ಯಭಾಗವನ್ನು ಮೂರನೇ ಸಲ ಓದುವವರು ತುಂಬಾ ಜನ. ಸಮಯ ಹೋಗುವುದೇ ಅಲ್ಲಿ.

ಯೆಸ್, ನೋ, ನಾಟ್ ಗಿವನ್ ಎಂದು ಕೇಳಿದ್ದರೆ ಅದು ಬರೆದವರ ಅಭಿಪ್ರಾಯದ ಬಗ್ಗೆ. ಅವರು ಹಾಗೆ ನಂಬುತ್ತಾರೋ ಇಲ್ಲವೋ ಎಂದು ನೋಡಬೇಕು. ಗದ್ಯಭಾಗದಲ್ಲಿ ಬೇರೆ ಯಾರೋ ಹೇಳಿದ ಮಾತನ್ನು ಬರೆದವರ ಮಾತು ಎಂದುಕೊಳ್ಳಬೇಡಿ. ವಿಧಾನ ಮೇಲಿನದೇ.

ನೈಟ್ ಡ್ಯೂಟಿ ಮುಗಿಸಿ ಬಂದು ಓದುತ್ತೇನೆ ಎಂದು ಬರೆದಿದ್ದೀರಿ. ಅದನ್ನು ಓದಿ ಮನಸ್ಸಿಗೆ ಕಷ್ಟವಾಯಿತು. ದಯವಿಟ್ಟು ಮೊದಲು ಮಲಗಿ. ಎದ್ದ ಮೇಲೆ ಒಂದೇ ಒಂದು ಗದ್ಯಭಾಗ ಮಾಡಿ, ಪ್ರತಿ ಉತ್ತರದ ಪಕ್ಕದಲ್ಲಿ ಅದು ಯಾವ ಸಾಲಿನಿಂದ ಬಂತು ಎಂದು ಬರೆಯಿರಿ. ನಿದ್ದೆಗಣ್ಣಿನಲ್ಲಿ ಮಾಡಿದ ಮೂರು ಪತ್ರಿಕೆಗಿಂತ ಅದು ಮೇಲು.

ಟೈಮ್ ಸಾಕಾಗುವುದೇ ಇಲ್ಲ ಮೇಡಂ. ಮೂರನೇ ಗದ್ಯಭಾಗಕ್ಕೆ ಬರುವ ಹೊತ್ತಿಗೆ ಹತ್ತು ನಿಮಿಷ ಉಳಿದಿರುತ್ತದೆ. ಮೊದಲು ಪ್ರಶ್ನೆ ಓದಬೇಕಾ, ಗದ್ಯಭಾಗ ಓದಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಒಬ್ಬ ಎಂಜಿನಿಯರ್, ಹುಬ್ಬಳ್ಳಿ

ಎರಡನ್ನೂ ಪೂರ್ತಿ ಓದಬೇಡಿ ಎನ್ನುವುದು ನನ್ನ ಅಭಿಪ್ರಾಯ. ಮೊದಲು ಶೀರ್ಷಿಕೆ ನೋಡಿ. ಆಮೇಲೆ ಪ್ರತಿ ಪ್ಯಾರಾದ ಮೊದಲ ಸಾಲು, ಕೊನೆಯ ಸಾಲು. ಎರಡು ನಿಮಿಷ ಸಾಕು. ಯಾವ ಪ್ಯಾರಾದಲ್ಲಿ ಏನಿದೆ ಎಂಬ ಒಂದು ಅಂದಾಜು ಬರುತ್ತದೆ. ಹೊಸ ಊರಿನಲ್ಲಿ ಬಸ್ಸಿಳಿದ ಕೂಡಲೇ ಸ್ಟ್ಯಾಂಡ್ ಯಾವ ಕಡೆ, ಪೇಟೆ ಯಾವ ಕಡೆ ಎಂದು ನೋಡಿಕೊಳ್ಳುತ್ತೇವಲ್ಲ, ಹಾಗೆ. ಆಮೇಲೆ ಪ್ರಶ್ನೆಗೆ ಹೋಗಿ, ಒಂದೊಂದೇ ಪ್ರಶ್ನೆ ಹಿಡಿದುಕೊಂಡು ಅದಕ್ಕೆ ಬೇಕಾದ ಜಾಗಕ್ಕೆ ಬಂದು ಅಲ್ಲಿ ಮಾತ್ರ ನಿಧಾನವಾಗಿ ಓದಿ.

ಗದ್ಯಭಾಗಗಳು ಸಾಮಾನ್ಯವಾಗಿ ಸುಲಭದಿಂದ ಕಷ್ಟದ ಕಡೆಗೆ ಹೋಗುತ್ತವೆ. ಆದ್ದರಿಂದ 20-20-20 ಎಂದು ಸಮ ಪಾಲು ಮಾಡುವುದಕ್ಕಿಂತ ಮೊದಲನೆಯದಕ್ಕೆ 15, ಎರಡನೆಯದಕ್ಕೆ 20, ಮೂರನೆಯದಕ್ಕೆ 25 ಎಂದು ಇಟ್ಟುಕೊಳ್ಳಿ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಮೀರಿತು ಎಂದರೆ ಗುರುತು ಹಾಕಿ ಬಿಟ್ಟುಬಿಡಿ. ನಿಮ್ಮಂಥ ಎಂಜಿನಿಯರುಗಳಿಗೆ ಒಂದು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಏಳುವುದು ಕಷ್ಟ ಎಂದು ನನಗೆ ಗೊತ್ತು. ಆದರೆ ಇಲ್ಲಿ ಕಷ್ಟದ ಪ್ರಶ್ನೆಗೂ ಒಂದೇ ಅಂಕ, ಸುಲಭದ ಪ್ರಶ್ನೆಗೂ ಒಂದೇ ಅಂಕ.

ಪೇಪರಿನಲ್ಲಿ ಬರೆಯುವವರು ಒಂದು ಮಾತು ಮರೆಯಬಾರದು. ಲಿಸನಿಂಗ್, ಅಂದರೆ ಕೇಳಿ ಉತ್ತರಿಸುವ ವಿಭಾಗ, ಮುಗಿದ ಮೇಲೆ ಉತ್ತರಗಳನ್ನು ಉತ್ತರ ಪತ್ರಿಕೆಗೆ ಇಳಿಸಲು 10 ನಿಮಿಷ ಕೊಡುತ್ತಾರೆ. ರೀಡಿಂಗ್‌ನಲ್ಲಿ ಆ 10 ನಿಮಿಷ ಇಲ್ಲ. ಪ್ರಶ್ನೆ ಪತ್ರಿಕೆಯಲ್ಲಿ ಚೆನ್ನಾಗಿ ಉತ್ತರ ಗುರುತು ಮಾಡಿ, ಇಳಿಸಲು ಸಮಯವಿಲ್ಲದೆ ಅತ್ತವರನ್ನು ನೋಡಿದ್ದೇನೆ. ನೇರವಾಗಿ ಉತ್ತರ ಪತ್ರಿಕೆಯಲ್ಲೇ ಬರೆಯಿರಿ. ಕೊನೆಯ ಒಂದು ನಿಮಿಷದಲ್ಲಿ ಖಾಲಿ ಬಿಟ್ಟ ಜಾಗಕ್ಕೆಲ್ಲ ಏನಾದರೂ ಬರೆದುಬಿಡಿ, ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಪ್ಯಾರಾಗಳಿಗೆ ಹೆಡಿಂಗ್ ಹೊಂದಿಸುವುದು ನನಗೆ ಆಗುವುದೇ ಇಲ್ಲ. ಎಲ್ಲಾ ಹೆಡಿಂಗ್ ಸರಿ ಅನ್ನಿಸುತ್ತದೆ.
— ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಪ್ಯಾರಾಗಳಿಗಿಂತ ಹೆಡಿಂಗ್‌ಗಳು ಜಾಸ್ತಿ ಕೊಟ್ಟಿರುತ್ತಾರೆ, ಅದಕ್ಕೇ ಹಾಗನ್ನಿಸುತ್ತದೆ. ಉಳಿಯುವ ಹೆಡಿಂಗ್‌ಗಳಲ್ಲಿ ಹಲವು ಪ್ಯಾರಾದಲ್ಲಿರುವ ಒಂದು ಸಣ್ಣ ಉದಾಹರಣೆಯನ್ನು ಹಿಡಿದುಕೊಂಡು ಮಾಡಿದವು. ಹೆಡಿಂಗ್ ಎಂದರೆ ಇಡೀ ಪ್ಯಾರಾ ಯಾಕೆ ಬರೆದರು ಎಂಬುದಕ್ಕೆ ಉತ್ತರ. ಪ್ಯಾರಾದಲ್ಲಿ ಎರಡು ಸಾಲು ಜೇನುನೊಣದ ಬಗ್ಗೆ ಬಂದ ಮಾತ್ರಕ್ಕೆ ಅದು ಜೇನುನೊಣದ ಪ್ಯಾರಾ ಆಗುವುದಿಲ್ಲ.

ಹೀಗೆ ಮಾಡಿ. ಹೆಡಿಂಗ್‌ಗಳನ್ನು ಮುಚ್ಚಿಕೊಳ್ಳಿ. ಪ್ಯಾರಾ ಓದಿ, ನಿಮ್ಮದೇ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲೇ, ಪಕ್ಕದಲ್ಲಿ ಮೂರು ನಾಲ್ಕು ಪದದ ಹೆಸರು ಬರೆಯಿರಿ. ಆಮೇಲೆ ಹೆಡಿಂಗ್‌ಗಳನ್ನು ತೆರೆದು ನಿಮ್ಮ ಹೆಸರಿಗೆ ಹತ್ತಿರ ಇರುವುದನ್ನು ಹುಡುಕಿ. "ಬಟ್", "ಹವೆವರ್" ಬಂದ ಕಡೆ ಜಾಗ್ರತೆ. ಎಷ್ಟೋ ಪ್ಯಾರಾಗಳಲ್ಲಿ ಮೊದಲ ಎರಡು ಸಾಲು ಜನ ಏನು ನಂಬಿದ್ದರು ಎಂದು ಹೇಳುತ್ತವೆ, ನಿಜವಾದ ವಿಷಯ "ಹವೆವರ್" ಆದಮೇಲೆ ಶುರುವಾಗುತ್ತದೆ.

ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪ್ರತಿ ಸಾಲನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡೇ ಓದುತ್ತೇನೆ. ಉದ್ದ ವಾಕ್ಯ ಬಂದರೆ ಮಧ್ಯದಲ್ಲಿ ಕಳೆದುಹೋಗುತ್ತೇನೆ. ಗೊತ್ತಿಲ್ಲದ ಪದಗಳೂ ಬಹಳ. ಮೂರು ಸಾವಿರ ಪದಗಳ ಪಟ್ಟಿ ಬಾಯಿಪಾಠ ಮಾಡು ಎಂದು ಗೆಳೆಯ ಹೇಳುತ್ತಾನೆ. ನನ್ನಂಥವರಿಗೆ ಈ ಪರೀಕ್ಷೆ ಆಗುತ್ತದಾ ಮೇಡಂ?
— ಒಬ್ಬ ಓದುಗ, ರಾಯಚೂರು

ಆಗುತ್ತದೆ. ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವಳು, ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಅದಕ್ಕೇ ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಉದ್ದ ವಾಕ್ಯದಲ್ಲಿ ಕಳೆದುಹೋಗುವುದಕ್ಕೆ ಕಾರಣವಿದೆ. "ನಿನ್ನೆ ಸಂತೆಯಲ್ಲಿ ಅಪ್ಪ ಕೊಂಡ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು." ನಮ್ಮಲ್ಲಿ ವಿವರ ಎಲ್ಲಾ ಮೊದಲು, ಎಮ್ಮೆ ಆಮೇಲೆ. ಇಂಗ್ಲಿಷಿನಲ್ಲಿ ಎಮ್ಮೆ ಮೊದಲು ಬಂದು ನಿಲ್ಲುತ್ತದೆ, ಅದರ ಹಿಂದೆ "ವಿಚ್" ಎಂದು ಹೇಳಿ ಅಪ್ಪ, ಸಂತೆ, ನಿನ್ನೆ ಎಲ್ಲಾ ಸಾಲಾಗಿ ಬರುತ್ತವೆ, ಅದೆಲ್ಲ ಮುಗಿದ ಮೇಲೆ ಓಡಿದ ಸುದ್ದಿ. ಕನ್ನಡದ ಕಿವಿ ಕೊನೆಯ ಕ್ರಿಯಾಪದಕ್ಕೆ ಕಾದು ಕೂರುತ್ತದೆ. ಇಂಗ್ಲಿಷಿನ ವಾಕ್ಯದ ಕೊನೆಯಲ್ಲಿ ಸಿಗುವುದು ಮಾತ್ರ ಹೆಚ್ಚಾಗಿ ಊರೋ, ವರ್ಷವೋ, ಕಾರಣವೋ. ಹೀಗಾಗಿ ಯಾರು, ಏನು ಮಾಡಿದರು ಎಂಬುದೇ ಕೈತಪ್ಪುತ್ತದೆ.

ಆದ್ದರಿಂದ ಉದ್ದ ವಾಕ್ಯ ಬಂದಾಗ ತಿರುಗಿಸಲು ಹೋಗಬೇಡಿ. ಪೆನ್ಸಿಲ್ ಹಿಡಿದು ಎರಡೇ ಪದಕ್ಕೆ ಗೆರೆ ಹಾಕಿ. ಯಾರು, ಏನು ಮಾಡಿದರು. ಎಮ್ಮೆ, ಓಡಿತು. "ವಿಚ್", "ಹೂ", "ದಟ್" ಇಂದ ಶುರುವಾಗಿ ಮಧ್ಯದಲ್ಲಿ ಬರುವುದನ್ನು ಕಂಸದಲ್ಲಿ ಹಾಕಿಬಿಡಿ. ಪ್ರಶ್ನೆ ಆ ವಿವರದ ಬಗ್ಗೆ ಇದ್ದರೆ ಮಾತ್ರ ಕಂಸದ ಒಳಗೆ ಹೋದರಾಯಿತು. ದಿನಕ್ಕೆ ಐದು ಉದ್ದ ವಾಕ್ಯ ಹೀಗೆ ಬಿಡಿಸಿ. ತಿಂಗಳಲ್ಲಿ ಕನ್ನಡಕ್ಕೆ ತಿರುಗಿಸುವ ಅಭ್ಯಾಸ ತಾನಾಗಿಯೇ ಕಡಿಮೆಯಾಗುವುದನ್ನು ನನ್ನ ಎಷ್ಟೋ ವಿದ್ಯಾರ್ಥಿಗಳಲ್ಲಿ ಕಂಡಿದ್ದೇನೆ.

ಎರಡನೆಯದು ಸಣ್ಣ ಪದಗಳು. ದೊಡ್ಡ ಪದಗಳಿಗೆ ಹೆದರುವ ನಾವು ಇವನ್ನು ಗಮನಿಸದೆ ದಾಟಿಬಿಡುತ್ತೇವೆ. ಕನ್ನಡದಲ್ಲಿ "ಮದುವೆಗೆ ಎಲ್ಲರೂ ಬರಲಿಲ್ಲ" ಎನ್ನುತ್ತೇವೆ. ಯಾರೂ ಬರಲಿಲ್ಲ ಎಂದೂ ಆಗಬಹುದು, ಕೆಲವರು ಮಾತ್ರ ಬಂದರು ಎಂದೂ ಆಗಬಹುದು. ಹೇಳುವವರ ದನಿ ಕೇಳಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನ "ನಾಟ್ ಆಲ್" ಎಂದರೆ ಕೆಲವರು ಬಂದಿದ್ದಾರೆ, ಆದರೆ ಎಲ್ಲರೂ ಅಲ್ಲ. ಯಾರೂ ಬರಲಿಲ್ಲ ಎನ್ನಲು "ನನ್" ಅಥವಾ "ನೋ ಒನ್" ಬೇಕು. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಒಂದು ಫಾಲ್ಸ್ ನಿಂತಿರುತ್ತದೆ. ಹಾಗೆಯೇ "ಎ ಫ್ಯೂ" ಎಂದರೆ ಕೆಲವು ಇವೆ, ಬರೀ "ಫ್ಯೂ" ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. "ಹಾರ್ಡ್ಲಿ" ಎನ್ನುವುದನ್ನು "ಹಾರ್ಡ್" ಜೊತೆ ಸೇರಿಸಿ ಕಷ್ಟಪಟ್ಟು ಎಂದು ಓದುವವರಿದ್ದಾರೆ, ಅದರ ಅರ್ಥ "ಇಲ್ಲವೆನ್ನುವಷ್ಟು". "ಅನ್‌ಲೆಸ್" ಎಂದರೆ "ಹೊರತು". ಮಳೆ ಬಂದ ಹೊರತು ಬಿತ್ತನೆ ಇಲ್ಲ ಎನ್ನುತ್ತೇವಲ್ಲ, ಆ ಹೊರತು. "ಓನ್ಲಿ", "ಮೋಸ್ಟ್", "ಮೇ", "ಆಲ್ವೇಸ್", "ಆಲ್ದೋ", "ಡಿಸ್ಪೈಟ್" ಇವನ್ನೂ ಪಟ್ಟಿಗೆ ಸೇರಿಸಿ. ಇಂಥ ಐವತ್ತು ಪದ ಗಟ್ಟಿಯಾದರೆ ಆ ಮೂರು ಸಾವಿರದ ಪಟ್ಟಿಗಿಂತ ಜಾಸ್ತಿ ಪ್ರಯೋಜನ ಎನ್ನುವುದು ನನ್ನ ನಂಬಿಕೆ. ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ, ಆದರೆ ಪಟ್ಟಿಯಲ್ಲಿ ಒಂಟಿಯಾಗಿ ಕಲಿತ ಪದ ವಾಕ್ಯದಲ್ಲಿ ಎದುರಾದಾಗ ಗುರುತು ಸಿಗುವುದಿಲ್ಲ.

ಗೊತ್ತಿಲ್ಲದ ಪದ ಬಂದಾಗ ಏನು ಮಾಡಬೇಕು? ಈ ವಾಕ್ಯ ಓದಿ. "ಅಮ್ಮ ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡಿದಳು, ಅದರೊಳಗೆ ಹಿಟ್ಟು ಹುಯ್ದು ಹಬೆಯಲ್ಲಿ ಬೇಯಿಸಿದಳು." ಕೊಟ್ಟೆ ಎಂಬುದು ಕರಾವಳಿಯ ಮಾತು. ರಾಯಚೂರಿನಲ್ಲಿ ನೀವು ಅದನ್ನು ಕೇಳಿರಲಿಕ್ಕಿಲ್ಲ. ಆದರೂ ಅದು ಎಲೆಯಿಂದ ಮಾಡಿದ್ದು, ಒಳಗೆ ಟೊಳ್ಳು, ಬಟ್ಟಲಿನ ಹಾಗೆ ಏನೋ ಹಿಡಿದುಕೊಳ್ಳುತ್ತದೆ ಎಂದು ಗೊತ್ತಾಯಿತಲ್ಲ? ನಿಘಂಟು ಬೇಕಾಗಲಿಲ್ಲ, ಸುತ್ತಲಿನ ಪದಗಳೇ ಹೇಳಿಬಿಟ್ಟವು. ಇಂಗ್ಲಿಷ್ ಗದ್ಯಭಾಗದಲ್ಲೂ ಹೀಗೇ ಮಾಡಿ. ಇದು ಯಾವುದೋ ವಸ್ತುವೋ, ಕೆಲಸವೋ, ಗುಣವೋ? ಒಳ್ಳೆಯದೋ ಕೆಟ್ಟದ್ದೋ? ಅಷ್ಟು ತಿಳಿದರೆ ಹೆಚ್ಚಿನ ಪ್ರಶ್ನೆಗಳಿಗೆ ಸಾಕು. ಇವು ಆಯಾ ವಿಷಯದ ಪಂಡಿತರಿಗಾಗಿ ಬರೆದ ಗದ್ಯಭಾಗಗಳಲ್ಲ. ಪುಸ್ತಕ, ಪತ್ರಿಕೆಗಳಿಂದ ಸಾಮಾನ್ಯ ಓದುಗರಿಗೆ ಎಂದು ಆರಿಸಿದವು. ತೀರಾ ತಾಂತ್ರಿಕ ಪದ ಇದ್ದರೆ ಅದರ ಅರ್ಥವನ್ನು ಕೆಳಗೆ ಅವರೇ ಕೊಟ್ಟಿರುತ್ತಾರೆ.

ಇನ್ನೊಂದು ಅಭ್ಯಾಸ ನಮ್ಮನ್ನು ಶಾಲೆಯಿಂದಲೇ ಹಿಂಬಾಲಿಸುತ್ತದೆ. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆಯೋ ಹುಡುಕಿ, ಆ ಸಾಲನ್ನೇ ಎತ್ತಿ ಬರೆಯುವುದು. ಶಾಲೆಯಲ್ಲಿ ಅದಕ್ಕೆ ಅಂಕ ಸಿಗುತ್ತಿತ್ತು. ಇಲ್ಲಿ ಪ್ರಶ್ನೆ ಮಾಡುವವರು ಬೇಕೆಂದೇ ಪದಗಳನ್ನು ಬದಲಿಸುತ್ತಾರೆ. ಗದ್ಯಭಾಗದಲ್ಲಿ "ಬೆಲೆ ಇಳಿಯಿತು" ಎಂದಿದ್ದರೆ ಪ್ರಶ್ನೆಯಲ್ಲಿ "ಅಗ್ಗವಾಯಿತು" ಎಂದಿರುತ್ತದೆ. ಬಹು ಆಯ್ಕೆಯ ಪ್ರಶ್ನೆಯಲ್ಲಂತೂ ಗದ್ಯಭಾಗದ ಪದವನ್ನೇ ಎತ್ತಿ ತಪ್ಪು ಆಯ್ಕೆಯಲ್ಲಿ ಇಟ್ಟಿರುತ್ತಾರೆ. ಜನರ ಹೆಸರು, ಊರು, ಇಸವಿ ಮಾತ್ರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅವನ್ನು ಹಿಡಿದು ಜಾಗ ಹುಡುಕಿ. ಉತ್ತರವನ್ನು ಅರ್ಥದಿಂದ ಹುಡುಕಿ.

ಎಷ್ಟು ದಿನ ಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪರೀಕ್ಷೆಗೆ ದುಡ್ಡು ಕಟ್ಟುವ ಅವಸರ ಮಾಡಬೇಡಿ, ಅದು ಸಣ್ಣ ಮೊತ್ತವಲ್ಲ. ಒಂದು ತಿಂಗಳು ಗಡಿಯಾರ ಇಲ್ಲದೆ ಅಭ್ಯಾಸ ಮಾಡಿ. ಸರಿ ಉತ್ತರ 40ಕ್ಕೆ 30ರ ಹತ್ತಿರ ನಿಲ್ಲಲು ಶುರುವಾದ ಮೇಲೆ ಗಡಿಯಾರ ಇಟ್ಟುಕೊಳ್ಳಿ. ಆಮೇಲೆ ದಿನಾಂಕ ಗೊತ್ತು ಮಾಡಿ. ನನಗೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತೇನೆ.

ನಾವು ಕುಂದಾಪುರದವರು, ಈಗ ದುಬೈನಲ್ಲಿದ್ದೇವೆ. ಕೆನಡಾಕ್ಕೆ ಅರ್ಜಿ ಹಾಕಲು ಜನರಲ್ ಟ್ರೇನಿಂಗ್ ಬರೆಯಬೇಕು. ಅದು ಸುಲಭ ಎನ್ನುತ್ತಾರೆ, ಹೌದಾ? ಇನ್ನು, ಉತ್ತರ ಸರಿಯಿದ್ದರೂ ಸ್ಪೆಲ್ಲಿಂಗ್ ತಪ್ಪಾದರೆ ಅಂಕ ಹೋಗುತ್ತದಾ?
— ಒಬ್ಬ ಗೃಹಿಣಿ, ದುಬೈ

ಗದ್ಯಭಾಗಗಳು ಸುಲಭ, ಅದು ಹೌದು. ಮೊದಲ ಭಾಗದಲ್ಲಿ ನೋಟಿಸು, ಜಾಹೀರಾತು, ವೇಳಾಪಟ್ಟಿ ಇಂಥವು. ಎರಡನೆಯದರಲ್ಲಿ ಕೆಲಸದ ಜಾಗಕ್ಕೆ ಸಂಬಂಧಿಸಿದ್ದು. ಮೂರನೆಯದು ಒಂದೇ ಉದ್ದ ಗದ್ಯಭಾಗ. ಆದರೆ ಸುಲಭವಾದ್ದರಿಂದಲೇ ಸರಿ ಉತ್ತರ ಜಾಸ್ತಿ ಕೇಳುತ್ತಾರೆ. ಅಕಾಡೆಮಿಕ್‌ನಲ್ಲಿ 30ಕ್ಕೆ ಸಿಗುವ 7, ಇಲ್ಲಿ 34-35 ಸರಿಯಾದರೆ ಸಿಗುತ್ತದೆ. ಇಲ್ಲಿ 30 ಸರಿಯಾದರೆ 6. ಭಾಷೆ ಎಷ್ಟು ಬರುತ್ತದೆ ಎಂದು ನೋಡಲು ಕೆನಡಾದವರು ಸಿಎಲ್‌ಬಿ ಎಂಬ ಅಳತೆ ಇಟ್ಟಿದ್ದಾರೆ. ಸಿಎಲ್‌ಬಿ 9 ಬೇಕೆಂದರೆ ರೀಡಿಂಗ್‌ನಲ್ಲಿ 7 ಬೇಕು, ಸಿಎಲ್‌ಬಿ 7ಕ್ಕೆ 6 ಸಾಕು. ನಿಮ್ಮ ಅರ್ಜಿಗೆ ಎಷ್ಟು ಬೇಕೋ ಮೊದಲು ನೋಡಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಫಲಿತಾಂಶಕ್ಕೆ ಎರಡು ವರ್ಷ ಆಯಸ್ಸು, ಅದನ್ನೂ ನೆನಪಿಡಿ.

ಸ್ಪೆಲ್ಲಿಂಗ್ ತಪ್ಪಾದರೆ ಅಂಕ ಹೋಗುತ್ತದೆ. ಖಾಲಿ ಜಾಗ ತುಂಬುವ ಪ್ರಶ್ನೆಗಳಲ್ಲಿ ಪದವನ್ನು ಗದ್ಯಭಾಗದಿಂದಲೇ ತೆಗೆದುಕೊಳ್ಳಿ ಎನ್ನುತ್ತಾರೆ, ಹಾಗಾಗಿ ಕಣ್ಣಮುಂದೆ ಇರುವುದನ್ನೇ ನೋಡಿ ಇಳಿಸಿದರಾಯಿತು. "ಎರಡು ಪದಕ್ಕಿಂತ ಹೆಚ್ಚು ಬೇಡ" ಎಂದು ಬರೆದಿದ್ದರೆ ಮೂರು ಪದ ಬರೆಯಬೇಡಿ. ಅರ್ಥ ಸರಿಯಿದ್ದರೂ ತಪ್ಪೆಂದೇ ಲೆಕ್ಕ. ನಡುವೆ ಅಡ್ಡಗೆರೆ ಇರುವ ಜೋಡಿ ಪದ ಒಂದು ಪದ. ಕೊನೆಯಲ್ಲಿ "ಎಸ್" ಇದೆಯೋ ಇಲ್ಲವೋ ಇನ್ನೊಮ್ಮೆ ನೋಡಿ, ಅದು ಬಿಟ್ಟುಹೋಗುವುದು ಬಹಳ ಸಾಮಾನ್ಯ.

ನನ್ನ ಮಗ ಒಂಬತ್ತನೇ ತರಗತಿ. ಇಂಗ್ಲಿಷ್ ಪಾಠದ ಪ್ರಶ್ನೆಗಳಿಗೆ ಎಲ್ಲಾ ಉತ್ತರ ಬರೆಯುತ್ತಾನೆ. ಆದರೆ ಪಠ್ಯದಲ್ಲಿಲ್ಲದ ಗದ್ಯಭಾಗ ಕೊಟ್ಟರೆ ಅಂಕ ಕಳೆದುಕೊಳ್ಳುತ್ತಾನೆ. ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಮನೆಯಲ್ಲಿ ನಾನು ಏನು ಮಾಡಬಹುದು?
— ಒಬ್ಬ ತಾಯಿ, ಹಾಸನ

ಬಹಳ ಮಾಡಬಹುದು, ಅದೂ ಕನ್ನಡದಲ್ಲೇ. ಅವನು ಪಾಠದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿರುವುದು ನೋಟ್ಸು ಓದಿ, ನೆನಪಿನಿಂದ ಇರಬಹುದು. ಅದು ತಪ್ಪೇನಲ್ಲ, ಅವನಿಗೆ ಹಾಗೇ ಕಲಿಸಿದ್ದಾರೆ. ಆದರೆ ಹೊಸ ಗದ್ಯಭಾಗ ಬಂದಾಗ ನೆನಪಿನಲ್ಲಿ ಏನೂ ಇರುವುದಿಲ್ಲ, ಎದುರಿಗಿರುವ ಕಾಗದದಿಂದಲೇ ಉತ್ತರ ತೆಗೆಯಬೇಕು. ಆ ಕೆಲಸವನ್ನು ಯಾವ ಭಾಷೆಯಲ್ಲಿ ಕಲಿತರೂ ಇನ್ನೊಂದು ಭಾಷೆಗೆ ನಡೆಯುತ್ತದೆ.

ದಿನಾ ಸಂಜೆ ಕನ್ನಡ ಪತ್ರಿಕೆಯ ಒಂದು ಸಣ್ಣ ಸುದ್ದಿ ಅವನಿಗೆ ಓದಲು ಕೊಡಿ. ಓದಿದ ಮೇಲೆ ಒಂದೆರಡು ಪ್ರಶ್ನೆ ಕೇಳಿ. ಅವನು ಉತ್ತರ ಹೇಳಿದಾಗ ಸರಿ, ತಪ್ಪು ಎನ್ನಬೇಡಿ. "ಅದು ಎಲ್ಲಿ ಬರೆದಿದೆ, ತೋರಿಸು" ಎನ್ನಿ. ಅವನು ಸಾಲಿನ ಮೇಲೆ ಬೆರಳಿಡಬೇಕು. ಕೆಲವು ಸಲ ಸುದ್ದಿಯಲ್ಲಿ ಇಲ್ಲದೇ ಇರುವುದನ್ನೂ ಬೇಕೆಂದೇ ಕೇಳಿ. "ಅಪಘಾತಕ್ಕೆ ಕಾರಣ ಯಾರು?" ಅಂತ. ಸುದ್ದಿಯಲ್ಲಿ ಅದು ಇಲ್ಲದಿದ್ದರೆ "ಇದರಲ್ಲಿ ಹೇಳಿಲ್ಲ ಅಮ್ಮ" ಎನ್ನಲು ಅವನಿಗೆ ಬರಬೇಕು. ಮಕ್ಕಳಿಗೆ ಇದು ಕಷ್ಟ. ಉತ್ತರ ಗೊತ್ತಿಲ್ಲ ಎಂದರೆ ಬೈಗುಳ ತಿಂದು ಅಭ್ಯಾಸವಾಗಿ ಏನೋ ಒಂದು ಹೇಳಿಬಿಡುತ್ತಾರೆ. ಇಲ್ಲ ಎಂದಾಗ ನೀವು ಖುಷಿಪಡಿ, ಅವನಿಗೆ ಧೈರ್ಯ ಬರುತ್ತದೆ.

ಎರಡು ಮೂರು ವಾರ ಆದಮೇಲೆ ಇಂಗ್ಲಿಷ್ ಪತ್ರಿಕೆಯ ನಾಲ್ಕು ಸಾಲಿನ ಸುದ್ದಿ ಕೊಡಿ, ಮೊದಲ ಪುಟದ್ದು ಬೇಡ, ಕ್ರಿಕೆಟ್ಟಿನದು ಕೊಡಿ. ಅವನು ಓದಿ ನಿಮಗೆ ಕನ್ನಡದಲ್ಲಿ ಹೇಳಲಿ. ನಿಮಗೆ ಇಂಗ್ಲಿಷ್ ಬರದಿರುವುದು ಇಲ್ಲಿ ಒಳ್ಳೆಯದೇ ಆಯಿತು, ಅವನು ನಿಜವಾಗಿಯೂ ನಿಮಗೆ ಅರ್ಥವಾಗುವ ಹಾಗೆ ಹೇಳಬೇಕಾಗುತ್ತದೆ. ನಿಮಗೆ ಅರ್ಥವಾಗದಿದ್ದರೆ ಮತ್ತೆ ಕೇಳಿ, "ಯಾರು ಗೆದ್ದರು? ಅದು ಎಲ್ಲಿ ಬರೆದಿದೆ?"